ಲೆಕ್ಕಕ್ಕೆ ಬಾರದ ಮನೆ

"ಈ ವಠಾರದಲ್ಲಿ ಪ್ರತಿ ಮನೆಗೂ ಅರ್ಧಕ್ಕಿಂತ ಹೆಚ್ಚು ಮನೆಗಳ ಪರಿಚಯವಿದೆ. ಸರಿಯಾಗಿ ಹಂಚಿಕೊಂಡರೆ, ಒಬ್ಬೊಬ್ಬರು ಮೂರೇ ಮನೆಗೆ ಹೇಳಿದರೂ ಸುದ್ದಿ ಯಾರಿಗೂ ತಪ್ಪಲ್ಲ," ಎಂದಿದ್ದರು ಗಣಿತದ ಮೇಷ್ಟ್ರು.

"ಯಾರ ಪರಿಚಯವೂ ಇಲ್ಲದವರಿದ್ದರೆ?" ಹೆಂಡತಿ ಕೇಳಿದ್ದರು.

"ಅಂಥವರು ನನ್ನ ಲೆಕ್ಕಕ್ಕೆ ಬರಲ್ಲ."

"ಪಾಪ, ಹಾಗೆ ಬಿಡೋದಾ?"

ಆಕೆ ತೀರಿಕೊಂಡ ಬೆಳಿಗ್ಗೆ ಸುದ್ದಿ ಹಾಗೆಯೇ ಮನೆಯಿಂದ ಮನೆಗೆ ಹೋಯಿತು. ಎಲ್ಲರೂ ಬಂದರು. ಹಿಂದಿನ ದಿನವಷ್ಟೇ ಬಾಡಿಗೆಗೆ ಬಂದಿದ್ದ ಹೆಂಗಸೂ ಬಾಗಿಲಲ್ಲಿ ನಿಂತಿದ್ದಳು.

"ನಿಮಗೆ ಯಾರಮ್ಮ ಹೇಳಿದ್ದು?" ಮೇಷ್ಟ್ರು ಕೇಳಿದರು. "ಇಲ್ಲಿ ಯಾರೂ ನಿಮಗೆ ಗೊತ್ತಿಲ್ಲವಲ್ಲ."

"ಹೆಸರು ಗೊತ್ತಿಲ್ಲ ಸಾರ್. ಹಸಿರು ಸೀರೆ, ಹಣೆ ತುಂಬ ಕುಂಕುಮ. ಬಾಗಿಲು ತಟ್ಟಿ, ಮೇಷ್ಟ್ರ ಮನೇಲಿ ಸಾವಾಗಿದೆ, ನೀವೂ ಬನ್ನಿ ಅಂದ್ರು."

ಜನ ಸರಿದು ದಾರಿ ಬಿಟ್ಟರು. ಅವಳು ಹೆಣದ ಮುಖ ನೋಡಿದಳು.

"ಇವರೇ."