ಒಣ ಪಟ್ಟಿ

"ಜೀವ ಇಲ್ಲ ಕಣೇ ಇದಕ್ಕೆ," ಎಂದು ಅಪ್ಪ ಸೆಂಟು ಮೂಸಿ ನೋಡುವ ಕಾಗದದ ಪಟ್ಟಿಯನ್ನು ಮೂಗಿನಿಂದ ಕೆಳಗಿಳಿಸಿದರು. "ನಿಂಬೆ ಸುಮ್ನೆ ಹಾರುತ್ತೆ, ಕಿತ್ತಳೆ ಕಹಿ ಹೊಡೀತಿದೆ. ಬೇಸಿಗೇಲಿ ಇದನ್ನ ಹಾಕ್ಕೊಂಡು ಹೊರಟ್ರೆ ಬಾಗಿಲು ದಾಟೋದ್ರೊಳಗೆ ಮಾಯ. ಹೋದ ವರ್ಷದ್ದೂ ಹೀಗೇ ಇತ್ತಲ್ವಾ?"

ಮಗಳು ತಲೆಯಾಡಿಸಿದಳು. ಹೋದ ವರ್ಷ ಇದೇ ಮಾತು ಕೇಳಿ, ತನಗೆ ಈ ವಿದ್ಯೆ ಒಲಿಯುವುದಿಲ್ಲವೆಂದು ತಿಂಗಳುಗಟ್ಟಲೆ ಸೆಂಟು ಬೆರೆಸುವ ಕೋಣೆಗೆ ಕಾಲಿಟ್ಟಿರಲಿಲ್ಲ. ಅಪ್ಪನ ಮೂಗು ಒಪ್ಪದ ಸೆಂಟು ಅವರ ಅಂಗಡಿಯ ಕಪಾಟು ಏರಿದ್ದೇ ಇಲ್ಲ. ಈ ಸಲ ಗಾಣದೆತ್ತಿನಂತೆ ದುಡಿದರೂ ಆಗಲಿಲ್ಲ. ಇನ್ನು ಸಾಕು ಎಂದು ಮೇಜು ಒರೆಸುವ ಬಟ್ಟೆಗೆ ಕೈ ಚಾಚಿದವಳಿಗೆ, ಸೆಂಟಿನಲ್ಲಿ ಅದ್ದಿದ ಪಟ್ಟಿ ಬಾಟಲಿಯ ಪಕ್ಕದಲ್ಲೇ ಬಿದ್ದಿರುವುದು ಕಂಡಿತು. ಗಡಿಬಿಡಿಯಲ್ಲಿ ಅಪ್ಪನ ಕೈಗೆ ಕೊಟ್ಟದ್ದು ಒಣ ಪಟ್ಟಿಯನ್ನು. ನಿಂಬೆ, ಕಿತ್ತಳೆ ಬೆರೆಸಿದ್ದೇನೆಂದು ಕೊಡುವಾಗಲೇ ಹೇಳಿದ್ದವಳೂ ಅವಳೇ.

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿಮಗೆ ನೆಗಡಿ ಏನಾದ್ರೂ ಆಗಿದ್ಯಾ?"

"ನನಗೆಂಥ ನೆಗಡಿ! ಗುಂಡುಕಲ್ಲಿನ ಹಾಗಿದ್ದೀನಿ."

ಕೊನೆಯ ಆಸೆಯೊಂದು ಉಳಿದಿತ್ತು. ಬಾಟಲಿಯಲ್ಲಿದ್ದಷ್ಟನ್ನೂ ಬಟ್ಟೆಗೆ ಸುರಿದು, ಅವಳು ಅಪ್ಪನ ಮುಂದಿನ ಮೇಜನ್ನು ಒರೆಸತೊಡಗಿದಳು. ಆಗಷ್ಟೇ ಸುಲಿದ ಕಿತ್ತಳೆ, ಉಗುರಿನಿಂದ ಗೀರಿದ ನಿಂಬೆ. ಕೋಣೆಗೆ ಕೋಣೆಯೇ ಘಮ್ಮೆಂದಿತು. ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಒತ್ತರಿಸಿ ಬಂತು. ಅಪ್ಪನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಒರೆಸುತ್ತಿದ್ದ ಅವಳ ಕೈ ನಿಂತದ್ದನ್ನು ನೋಡಿ ಅವರು ಮೆತ್ತಗೆ ಹೇಳಿದರು: "ಬೇಜಾರು ಮಾಡ್ಕೋಬೇಡ ಪುಟ್ಟಿ. ಮುಂದಿನ ಬೇಸಿಗೆಗೆ ಇನ್ನೊಂದು ಮಾಡು. ನೋಡಿ ಹೇಳೋಕೆ ನಾನಿದ್ದೀನಲ್ಲ."