ತೇಲುವ ನೆರಳು

ಆಫ್ರಿಕಕ್ಕೆ ಗಡಿ ಎಳೆದವರು ನಮ್ಮ ಸಂತೆಯ ನಟ್ಟನಡುವಿನ ರಸ್ತೆಯ ಮೇಲೆಯೇ ಎಳೆದು ಹೋದರು. ಎರಡೂ ಕಡೆ, ತಲೆಯ ಮೇಲೆ ಗಾಳಿಯಲ್ಲಿ ನಿಂತು ಬಿಸಿಲು ತಡೆಯುವ ತೇಲುವ ನೆರಳನ್ನು ಬಾಡಿಗೆಗೆ ಕೊಡುವವು ಅವೇ ಮೂರು ಕಂಪನಿಗಳು. ರಸ್ತೆಯಾಚೆಯ ದೇಶದ ಸ್ಪರ್ಧಾ ಆಯೋಗ ಒಂದೇ ದರ ಇಡುವ ಅವುಗಳ ಒಳಒಪ್ಪಂದ ಮುರಿದು ದಂಡ ಹಾಕಿತು. ಅಲ್ಲೀಗ ನೆರಳು ಅರ್ಧ ಬೆಲೆಗೆ ಸಿಗುತ್ತದೆ. ನನ್ನ ಅಕ್ಕ ನೆಕೇಸಾ ತಣ್ಣಗೆ ಕೂತು ಟೊಮೆಟೊ ಮಾರುತ್ತಾಳೆ. ಈಚೆ ಮೂರೂ ಕಂಪನಿಗಳದು ಒಂದೇ ದರ. ಅಷ್ಟು ಕೊಡಲಾಗದ ನನ್ನ ಟೊಮೆಟೊ ಮಧ್ಯಾಹ್ನದೊಳಗೆ ಬೆಂದು ಒಡೆಯುತ್ತವೆ.

ನಾಲ್ಕು ದೂರು ಕೊಟ್ಟ ಮೇಲೆ ನಮ್ಮ ಆಯೋಗದ ಅಧಿಕಾರಿ ಬಂದ. ಕಾರಿನಿಂದ ಇಳಿಯಲಿಲ್ಲ.

“ಕಾನೂನು ಆಚೆಗೂ ಈಚೆಗೂ ಒಂದೇ, ಚಾವುಸಿಕು ಅಮ್ಮ. ಅಕ್ಷರಾನೂ ಬದಲಾಗಿಲ್ಲ. ಆದ್ರೆ ಈ ಕಂಪನಿಗಳ ಮಧ್ಯೆ ಪೈಪೋಟಿ ಇಲ್ಲ ಅನ್ನೋಕೆ ಸಾಕ್ಷಿ ಏನಿದೆ?”

“ಇಳಿದು ಬಂದು ಬಿಸಿಲಲ್ಲಿ ನಿಂತ್ಕೊಂಡು ಕೇಳಿ,” ಎಂದೆ.

ಮುಖ ಗಂಟಿಕ್ಕಿಕೊಂಡು ಇಳಿದ. ತಕ್ಷಣ ಮೂರು ಕಂಪನಿಗಳ ನೆರಳುಗಳೂ ಒಂದನ್ನೊಂದು ನೂಕುತ್ತ ಅವನ ತಲೆಯ ಮೇಲೆ ಬಂದು ನಿಂತವು, ಬಿಟ್ಟಿಯಾಗಿ.

ಅವನು ಮೇಲೆ ನೋಡಿ ನಕ್ಕ. “ನೋಡು, ಎಷ್ಟೊಂದು ಪೈಪೋಟಿ. ನಿನ್ನ ದೂರು ಮುಗೀತು.”

ಒಡೆದ ಟೊಮೆಟೊ ಎಸೆಯಲು ನನಗೆ ಅವನ ಮುಖಕ್ಕಿಂತ ಒಳ್ಳೆಯ ಜಾಗ ಕಾಣಲಿಲ್ಲ.