ಗಿಡ್ಡ ಬಾಗಿಲು

ತೊಗರಿ ಹೊಟ್ಟಿನ ಬಂಡಿ ಗವಿಯ ಮುಂದೆ ಬಂದು ನಿಂತಾಗ ಸಾಬವ್ವ ಒಳಗಿನ ಕಲ್ಲುಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಬೆಳಗಿನಿಂದ ಗವಿ ಗುಡಿಸಿ, ಬಾವಲಿ ಹಿಕ್ಕೆ ತೆಗೆದು, ಗೋಡೆಯಲ್ಲಿ ಕೊರೆದಿದ್ದ ಬುದ್ಧನ ಸವೆದ ಮುಖವನ್ನು ತೊಳೆದಿದ್ದಳು. ಮರುದಿನ ಬುದ್ಧ ಪೂರ್ಣಿಮೆ. ಗುಲಬರ್ಗಾಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದಿದ್ದ ಅವಳ ಕೇರಿಯವರು ಇಲ್ಲಿ ಮೊದಲ ಸಲ ದೀಪ ಹಚ್ಚುವವರಿದ್ದರು. ಇವತ್ತು ಗವಿಗೆ ಹೊಟ್ಟು ತುಂಬಿದರೆ ಆ ದೀಪ ಹತ್ತುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಹೊಟ್ಟು ತಂದ ಗೌಡನಿಗೂ ಗೊತ್ತಿತ್ತು.

“ಯಾರನ್ನ ಕೇಳಿ ಒಳಗ ಕುಂತಿ ಬೇ?” ಬಸವಂತರಾಯ ಗೌಡ ಹೊರಗಿನಿಂದಲೇ ಗುಡುಗಿದ. “ಹೊಲ ನಂದು, ಗುಡ್ಡ ನಂದು!” ಗುಡ್ಡ ಅವರಪ್ಪ ಕೊಂಡದ್ದೋ ಬರೆಸಿಕೊಂಡದ್ದೋ, ಆ ದೇವರಿಗೇ ಗೊತ್ತು.

“ಹೊಲ ನಿಮ್ದೇ ಇರ್ಲಿರಿ ಗೌಡ್ರ. ಗವಿ ಕೊರದವರು ನಿಮ್ಮ ಮುತ್ಯಾನೂ ಅಲ್ಲ, ನಮ್ಮ ಮುತ್ಯಾನೂ ಅಲ್ಲ. ಭಿಕ್ಷಾ ಬೇಡಿ ಉಂಡವರು, ಕುಂದರಾಕಂತ ಕೊರದಾರ. ಕುಂತೇನಿ.”

ಗೌಡ ಬಂಡಿ ಹೊಡೆಯುವ ಆಳಿನತ್ತ ತಿರುಗಿದ. “ಲೇ ದಶರಥ, ಕೈ ಹಿಡದು ಎಳಕೊಂಡು ಬಾ ಹೋಗು.”

ದಶರಥ ಸಾಬವ್ವನ ತಂಗಿಯ ಮಗ. ಹೆಗಲೆತ್ತರದ ಬಾಗಿಲಲ್ಲಿ ಬಗ್ಗಿ ಒಳಗೆ ಹೋದ.

“ದೊಡ್ಡವ್ವ, ನನ್ನ ಅನ್ನಕ್ಕ ಕಲ್ಲ ಹಾಕಬ್ಯಾಡ” ಎಂದು ಪಿಸುಗುಟ್ಟಿದ.

ಸಾಬವ್ವ ಏಳಲಿಲ್ಲ; ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ದಶರಥ ಬಾಗಿಲ ಕಡೆ ನೋಡಿದ, ಬುದ್ಧನ ಕಡೆ ನೋಡಿದ. ಆಮೇಲೆ ಕುಳಿತೇಬಿಟ್ಟ.

ಗೌಡನ ಪಿತ್ತ ನೆತ್ತಿಗೇರಿತು. ರುಮಾಲು ಒತ್ತಿ ಹಿಡಿದು, ಬಗ್ಗಿ ಒಳಗೆ ನುಗ್ಗಿದ. “ಏಳ್ತೀರೋ ಇಲ್ಲೋ? ಜೇವರ್ಗಿ ಕೋರ್ಟಿಗಿ ಎಳಿತೇನಿ ಇಬ್ಬರನ್ನೂ!” ಎಂದು ಕೂಗಾಡಿದ. ಅವನ ಎದುರು ಜನ್ಮದಲ್ಲೇ ಎಂದೂ ಕೂರದಿದ್ದ ಇಬ್ಬರೂ ಕುಳಿತೇ ಇದ್ದರು. ತಾನು ಯಾರ ಮುಂದೆ ತಲೆ ಬಗ್ಗಿಸಿಕೊಂಡು ಬಂದೆ ಎಂಬುದು ಆಗ ಅವನಿಗೆ ಹೊಳೆದಿರಬೇಕು. ಮುಖ ಕೆಂಪಗಾಯಿತು. ರುಮಾಲು ಸರಿಮಾಡಿಕೊಂಡು, ಎದೆ ಸೆಟೆಸಿ, ತಲೆ ಎತ್ತಿಕೊಂಡೇ ದಡದಡ ಹೊರಟ.

ಹಣೆ ಬಾಗಿಲ ಮೇಲಿನ ಕಲ್ಲಿಗೆ ಬಡಿಯಿತು. ರುಮಾಲು ಉರುಳಿ ಸಾಬವ್ವನ ಕಾಲ ಬಳಿ ಬಂತು.

ಅವಳು ಅದನ್ನೆತ್ತಿ, ಧೂಳು ಕೊಡವಿ, ಕುಳಿತಲ್ಲಿಂದಲೇ ಕೈ ಚಾಚಿದಳು.

“ಹೊರಗ ಹೋಗಾಕೂ ಬಗ್ಗಬೇಕ್ರಿ, ಗೌಡ್ರ.”